ನಾಯಿಯ ಬೆರಳು ಮುರಿದರೆ: ಕಣ್ಣು ಕಟ್ಟಿನ ಮೇಲಿರಲಿ

ಗೇಟಿನ ಸಂದಿ, ಕಾರಿನ ಬಾಗಿಲು, ಚರಂಡಿ ಮುಚ್ಚಿದ ಚಪ್ಪಡಿಗಳ ನಡುವಿನ ಬಿರುಕು, ಹಿಂದಕ್ಕೆ ಬರುವ ಆಟೋದ ಚಕ್ರ. ನಾಯಿಯ ಕಾಲ್ಬೆರಳು ಮುರಿಯುವುದು ಹೆಚ್ಚಾಗಿ ಇಂಥ ಕಡೆಯೇ. ಮುರಿದದ್ದು ಬಹುಪಾಲು ಕೂಡಿಕೊಳ್ಳುತ್ತದೆ. ಬೆಳೆದ ನಾಯಿಗೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮರಿಗೆ ಅದಕ್ಕಿಂತ ಬೇಗ, ಮುದಿನಾಯಿಗೆ ತಡ. ಕೆಲಸ ಕೆಡುವುದು ಡಾಕ್ಟರು ಕಟ್ಟು ಹಾಕಿ ಕಳಿಸಿದ ಮೇಲೆ, ನಮ್ಮ ಮನೆಯಲ್ಲಿ. ಪಶು ಆಸ್ಪತ್ರೆಯ ಬೆಂಚಿನ ಮೇಲೆ ನಾಲ್ಕು ಸಲ ಕೂತವರೆಲ್ಲ ಇದನ್ನು ನೋಡಿರುತ್ತಾರೆ: ಎರಡು ವಾರ ನೀರು ಕುಡಿದ ಬ್ಯಾಂಡೇಜನ್ನು ಬಿಚ್ಚಿದರೆ ಒಳಗೆ ಚರ್ಮ ಕೊಳೆತಿರುತ್ತದೆ, ಮೂಳೆ ಮಾತ್ರ ಅಚ್ಚುಕಟ್ಟಾಗಿ ಕೂಡುತ್ತಿರುತ್ತದೆ. ಅದಕ್ಕೇ ಈ ಲೇಖನದಲ್ಲಿ ಐದನೆಯ ಹಂತ ಉದ್ದವಾಗಿದೆ. ಪುರುಸೊತ್ತಿಲ್ಲದವರು ನೇರ ಅಲ್ಲಿಗೇ ಹೋಗಿ.

1. ಮೊದಲು ಬಾಯಿ ಕಟ್ಟಿ

ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಹಳೆಯ ಹತ್ತಿ ದುಪಟ್ಟಾ ಅಥವಾ ಅಗಲವಾದ ಬಟ್ಟೆಪಟ್ಟಿ ತೆಗೆದುಕೊಂಡು ಮೂತಿಗೆ ಒಂದು ಸುತ್ತು ಹಾಕಿ, ಗಂಟನ್ನು ಗದ್ದದ ಕೆಳಗೆ ತಂದು, ಎರಡೂ ತುದಿಗಳನ್ನು ಕಿವಿಯ ಹಿಂದೆ ಕಟ್ಟಿ. ಕೆಲಸ ಮುಗಿದ ಕೂಡಲೇ ಬಿಚ್ಚಬೇಕು. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ, ವಾಂತಿ ಮಾಡುತ್ತಿರುವ ಅಥವಾ ಏದುಸಿರು ಬಿಡುತ್ತಿರುವ ನಾಯಿಗೆ ಇದು ಬೇಡ. ಬೀದಿನಾಯಿಯಾಗಿ, ಹಲ್ಲು ತಾಗಿಯೇ ಬಿಟ್ಟರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. ನಾಯಿಯ ಬೆರಳು ಆಮೇಲೆ.

2. ಮುರಿದಿದೆಯೋ, ಬೇರೇನೋ?

ಕುಂಟಿದ್ದೆಲ್ಲ ಮುರಿತವಲ್ಲ. ಬೆರಳುಗಳ ಸಂದಿಯಲ್ಲಿ ಜಾಲಿಮುಳ್ಳು ಸಿಕ್ಕಿರಬಹುದು, ಉಣ್ಣೆ ಕಚ್ಚಿ ಗಂಟು ಕಟ್ಟಿರಬಹುದು, ಉಗುರು ಬುಡದಲ್ಲಿ ಸೀಳಿರಬಹುದು. ಸೀಳಿದ ಉಗುರಿನಿಂದ ಧಾರಾಳವಾಗಿ ರಕ್ತ ಬರುತ್ತದೆ, ನೋಡಿದವರಿಗೆ ಗಾಬರಿ. ಮುರಿತಕ್ಕೆ ಎಷ್ಟೋ ಸಲ ಹನಿ ರಕ್ತವೂ ಇರುವುದಿಲ್ಲ. ಒಂದೇ ಬೆರಳು ದಪ್ಪಗಾಗಿ ಬಿಸಿಯಾಗಿದ್ದರೆ, ಪಕ್ಕದ ಬೆರಳುಗಳಿಗಿಂತ ಬೇರೆ ದಿಕ್ಕಿಗೆ ತಿರುಗಿದ್ದರೆ, ಆ ಕಾಲನ್ನು ನೆಲಕ್ಕೆ ಊರಲು ನಾಯಿ ಒಪ್ಪದಿದ್ದರೆ ಮುರಿತವೆಂದೇ ತಿಳಿದು ಹೊರಡಿ. ಬೆರಳು ಹಿಡಿದು ಎಳೆದು, ತಿರುಗಿಸಿ, ಕಟಕಟ ಸದ್ದು ಬರುತ್ತದೆಯೇ ಎಂದು ಪರೀಕ್ಷಿಸುವ ನೆರೆಮನೆಯವರು ಎಲ್ಲ ಬೀದಿಯಲ್ಲೂ ಇರುತ್ತಾರೆ. ಅವರನ್ನು ದೂರವಿಡಿ.

3. ಆಸ್ಪತ್ರೆಗೆ ಹೋಗುವ ಮುನ್ನ

ಬಟ್ಟೆಯಲ್ಲಿ ಸುತ್ತಿದ ಐಸನ್ನು 10 ನಿಮಿಷ ಒತ್ತಿ ಹಿಡಿಯಿರಿ. ಚರ್ಮ ಹರಿದಿದ್ದರೆ ಕುದಿಸಿ ಆರಿಸಿದ ನೀರಿನಿಂದ ತೊಳೆದು, ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಸುತ್ತಿ. ಗಾಯ ತೆರೆದಿದ್ದರೆ ನಾಳೆಗೆ ಮುಂದೂಡಬೇಡಿ. ಮಳೆಗಾಲದಲ್ಲಿ ನೊಣ ಕೂತ ಗಾಯಕ್ಕೆ ಹುಳ ಬೀಳಲು ಒಂದು ದಿನ ಸಾಕು.

ಮಾಡಬಾರದ್ದು ಮೂರಿವೆ. ಅರಿಶಿನ ಸುಣ್ಣ ಕಲಸಿ ಮೆತ್ತಬೇಡಿ. ಸುಣ್ಣ ಚರ್ಮವನ್ನು ಸುಡುತ್ತದೆ, ನಾಯಿ ಅದನ್ನು ನೆಕ್ಕಿ ಬಾಯಿಯನ್ನೂ ಸುಟ್ಟುಕೊಳ್ಳುತ್ತದೆ. ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಬೇಡಿ, ನಾಟಿ ಕಟ್ಟು ಹಾಕುವವರ ಬಳಿಗೂ ಒಯ್ಯಬೇಡಿ. ನಾಯಿಯ ಬೆರಳಿನ ಸುತ್ತ ಮಾಂಸವೇ ಇಲ್ಲ. ಬಿಗಿ ಕಟ್ಟಿನ ಕೆಳಗೆ ಬಾವು ಏರಿದರೆ ರಕ್ತ ನಿಂತು ಇಡೀ ಪಾದ ಕಪ್ಪಾಗುತ್ತದೆ.

ಮೂರನೆಯದು ಮಾತ್ರೆ. ಮನೆಯ ಡಬ್ಬಿಯಲ್ಲಿರುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸುತ್ತವೆ, ಕಿಡ್ನಿ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ಲಿವರ್ ಹಾಳು. ಬೆಕ್ಕಿನ ಪ್ರಾಣ ತೆಗೆಯಲು ಅದರ ಒಂದೇ ಮಾತ್ರೆ ಸಾಕು. ಪಶುವೈದ್ಯರು ಬರೆಯುವ ಮೆಲೋಕ್ಸಿಕ್ಯಾಮ್ ಮನುಷ್ಯರಿಗೂ ಇದೆಯಲ್ಲ ಎಂದು ಮೆಡಿಕಲ್ ಶಾಪಿನಿಂದ 15 ಮಿ.ಗ್ರಾಂ. ಮಾತ್ರೆ ತಂದು ನುಂಗಿಸುವವರಿದ್ದಾರೆ. 10 ಕೆ.ಜಿ. ನಾಯಿಗೆ ಅದು ಕೊಡಬೇಕಾದ್ದರ ಹಲವು ಪಟ್ಟು. ಡಾಕ್ಟರು ತೂಕ ನೋಡಿ ಬರೆದದ್ದನ್ನು, ಅವರು ಹೇಳಿದಷ್ಟು ದಿನ, ಊಟದ ಜೊತೆ ಕೊಡಿ. ಮಲ ಕಪ್ಪಾದರೆ, ವಾಂತಿಯಾದರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಿ.

4. ಎಕ್ಸ್-ರೇ ತೆಗೆಸಿ

ಎರಡು ಕೋನದಿಂದ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗದಲ್ಲಿ ಸರ್ಕಾರಿ ಪಶುವೈದ್ಯಕೀಯ ಕಾಲೇಜುಗಳಿವೆ. ಹತ್ತಿರದವರು ಅಲ್ಲಿಗೇ ಹೋಗಲಿ ಎಂಬುದು ನನ್ನ ಮಾತು. ನಾಯಿ ಮುಖ್ಯವಾಗಿ ಭಾರ ಹಾಕುವುದು ನಡುವಿನ ಎರಡು ಬೆರಳುಗಳ ಮೇಲೆ. ಅವು ಮುರಿದು ಸರಿದಿದ್ದರೆ, ಮುರಿತ ಕೀಲಿನೊಳಗೆ ಹೋಗಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರಬಹುದು. ಅಂಚಿನ ಬೆರಳೊಂದೇ ಆದರೆ ಸಾಮಾನ್ಯವಾಗಿ ಕಟ್ಟು ಸಾಕು. ಪಕ್ಕದ ಬೆರಳುಗಳೇ ಅದಕ್ಕೆ ದಬ್ಬೆಯಾಗುತ್ತವೆ.

5. ಕಟ್ಟು: ದಿನಕ್ಕೆ ಎರಡು ಸಲ ನೋಡಿ, ತಪ್ಪದೆ

ಕಟ್ಟು ಹಾಕುವುದು ಡಾಕ್ಟರ ಕೆಲಸ. ಆದರೆ ಹಾಕುವಾಗ ನೀವು ಪಕ್ಕದಲ್ಲಿ ನಿಂತು ಮೂರು ವಿಷಯ ನೋಡಿಕೊಳ್ಳಿ. ಬೆರಳುಗಳ ಸಂದಿಯಲ್ಲೂ, ನೆಲಕ್ಕೆ ತಾಗದೆ ಒಳಬದಿಯಲ್ಲಿ ಮೇಲಕ್ಕಿರುವ ಐದನೆಯ ಬೆರಳಿನ ಕೆಳಗೂ ಹತ್ತಿ ಇಟ್ಟರೇ? ಪಟ್ಟಿ ಪಾದದಿಂದ ಶುರುವಾಗಿ ಮೇಲಕ್ಕೆ ಹೋಯಿತೇ? ನಡುವಿನ ಎರಡು ಬೆರಳುಗಳ ಉಗುರು ಹೊರಗೆ ಕಾಣುತ್ತಿವೆಯೇ? ಕೊನೆಯದನ್ನು ಕೇಳಿಯೇ ಮಾಡಿಸಿಕೊಳ್ಳಿ. ಆ ಎರಡು ಉಗುರು ನಿಮಗೆ ಒಳಗಿನ ಸುದ್ದಿ ಹೇಳುವ ಕಿಟಕಿ.

ಮನೆಗೆ ಬಂದ ಮೇಲೆ ಫೋನಿನಲ್ಲಿ ಆ ಉಗುರುಗಳ ಫೋಟೋ ತೆಗೆದಿಡಿ. ಒಂದಕ್ಕೊಂದು ಎಷ್ಟು ಹತ್ತಿರವಿವೆ ನೋಡಿ. ನಾಳೆ ಬೆಳಗ್ಗೆ ಅವು ಅಗಲಿಸಿಕೊಂಡು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ್ದರೆ ಒಳಗೆ ಬೆರಳು ಬಾತಿದೆ, ಕಟ್ಟು ಬಿಗಿಯಾಗಿದೆ ಎಂದರ್ಥ. ಬೆರಳ ತುದಿಯನ್ನು ಮುಟ್ಟಿ ನೋಡಿ. ಇನ್ನೊಂದು ಕಾಲಿನ ಬೆರಳಿನಷ್ಟೇ ಬೆಚ್ಚಗಿರಬೇಕು. ತಣ್ಣಗಾಗಿದ್ದರೆ ಅದೇ ಗಳಿಗೆಯಲ್ಲಿ ಹೊರಡಿ. ರಾತ್ರಿ ಯಾರೂ ಸಿಗದೆ, ಫೋನಿಗೂ ಉತ್ತರ ಬರದೆ ಹೋದರೆ ಮೊಂಡು ತುದಿಯ ಕತ್ತರಿಯಿಂದ ಹೊರಗಿನ ಎಲಾಸ್ಟಿಕ್ ಪದರವನ್ನು ಉದ್ದಕ್ಕೆ ಸೀಳಿ ಸಡಿಲ ಮಾಡಿ. ಒಂದು ರಾತ್ರಿ ಆಧಾರವಿಲ್ಲದ ಮೂಳೆಯನ್ನು ಬೆಳಗ್ಗೆ ಸರಿಮಾಡಬಹುದು. ರಕ್ತ ನಿಂತ ಬೆರಳನ್ನು ಆಗುವುದಿಲ್ಲ.

ಆಮೇಲೆ ಮೂಸಿ ನೋಡಿ. ಮುಜುಗರ ಬೇಡ, ಮೂಗನ್ನು ಹತ್ತಿರಕ್ಕೇ ಒಯ್ಯಿರಿ. ನಾಯಿಯ ವಾಸನೆ, ಔಷಧದ ವಾಸನೆ ಸರಿ. ಹುಳಿನಾತ ಅಥವಾ ಕೊಳೆತ ವಾಸನೆ ಬಂದರೆ ಮುಂದಿನ ತಾರೀಕಿಗೆ ಕಾಯುವಂತಿಲ್ಲ. ಕಟ್ಟಿನ ಮೇಲಂಚಿನಲ್ಲಿ ಕೆಂಪಗೆ ಉಜ್ಜಿದೆಯೇ, ಅದರ ಮೇಲಿನ ಭಾಗ ಊದಿದೆಯೇ, ಇಡೀ ಕಟ್ಟು ಕೆಳಗೆ ಜಾರಿದೆಯೇ ನೋಡಿ. ಜಾರಿದ ಕಟ್ಟನ್ನು ಮೇಲಕ್ಕೆ ಎಳೆದು ಟೇಪು ಸುತ್ತುವ ಜಾಣತನ ಬೇಡ, ಹೊಸದೇ ಹಾಕಿಸಬೇಕು. ಇಷ್ಟು ದಿನ ಸುಮ್ಮನಿದ್ದ ನಾಯಿ ಒಮ್ಮೆಲೇ ಕಟ್ಟನ್ನು ಕಚ್ಚಿ ಕೀಳಲು ಶುರು ಮಾಡಿದರೆ ಗದರಬೇಡಿ. ಒಳಗೆ ಏನೋ ನೋಯುತ್ತಿದೆ, ತೋರಿಸಿ.

ಇನ್ನು ನೀರು. ಮಲೆನಾಡು, ಕರಾವಳಿಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ದೊಡ್ಡ ತಲೆನೋವು. ಮಳೆಯೇ ಬರಬೇಕಿಲ್ಲ. ಒರೆಸಿದ ನೆಲ, ಇಬ್ಬನಿ ಬಿದ್ದ ಹುಲ್ಲು, ತನ್ನದೇ ಮೂತ್ರ ಸಾಕು. ಹೊರಗೆ ಕರೆದೊಯ್ಯುವಾಗ ಪಾದಕ್ಕೆ ಚೀಲ ಹಾಕಿ, ಒಳಗೆ ಬಂದ ಕೂಡಲೇ ತೆಗೆಯಿರಿ. ಹಾಕಿದ್ದನ್ನು ಹಾಗೇ ಬಿಟ್ಟರೆ ಒಳಗಿನ ಬೆವರಿಗೇ ಕಟ್ಟು ಒದ್ದೆಯಾಗುತ್ತದೆ. ಹೌದು, ನಾಯಿಯ ಅಂಗಾಲು ಬೆವರುತ್ತದೆ. ಹಾಲಿನ ಪ್ಯಾಕೆಟ್ ತೊಳೆದು ಹಾಕುವವರಿದ್ದಾರೆ. ಅದು ತೆಳು, ಟೈಲ್ಸ್ ಮೇಲೆ ಜಾರುತ್ತದೆ, ಎರಡೇ ದಿನಕ್ಕೆ ಹರಿಯುತ್ತದೆ. ನನ್ನ ಆಯ್ಕೆ ಖಾಲಿಯಾದ ಸಲೈನ್ ಚೀಲ. ಕ್ಲಿನಿಕ್ಕಿನಲ್ಲಿ ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಒಂದು ತುದಿ ಕತ್ತರಿಸಿದರೆ ದಪ್ಪನೆಯ ಬೂಟು ಸಿದ್ಧ. ಅಂಚಿಗೆ ಎರಡು ತೂತು ಮಾಡಿ ಬಟ್ಟೆಪಟ್ಟಿ ಪೋಣಿಸಿ ಕಟ್ಟಿನ ಮೇಲೆಯೇ ಸಡಿಲವಾಗಿ ಕಟ್ಟಿ. ರಬ್ಬರ್ ಬ್ಯಾಂಡ್ ಮಾತ್ರ ಯಾವ ಕಾರಣಕ್ಕೂ ಬೇಡ. ಅದು ಜಾರಿ ಕೂದಲೊಳಗೆ ಸೇರಿಕೊಂಡರೆ ಯಾರ ಕಣ್ಣಿಗೂ ಬೀಳದೆ ಕಾಲನ್ನೇ ಕೊಯ್ಯುತ್ತದೆ.

ಇಷ್ಟಾದರೂ ಕಟ್ಟು ಒದ್ದೆಯಾದರೆ? ಹೇರ್ ಡ್ರೈಯರ್ ಹಿಡಿಯಬೇಡಿ. ಮೇಲ್ಪದರ ಒಣಗಿ ನಿಮಗೆ ಸಮಾಧಾನವಾಗುತ್ತದೆ, ಒಳಗಿನ ಹತ್ತಿ ಹಸಿಯಾಗಿಯೇ ಇರುತ್ತದೆ. ಅದೇ ದಿನ ಬದಲಿಸಿ. ಒದ್ದೆಯಾಗದಿದ್ದರೂ ಸಾಮಾನ್ಯವಾಗಿ ವಾರಕ್ಕೊಮ್ಮೆ ಬದಲಿಸಬೇಕು. ಮರಿಯಾದರೆ ಇನ್ನೂ ಬೇಗ, ಏಕೆಂದರೆ ಕಾಲು ಬೆಳೆಯುತ್ತದೆ, ಕಟ್ಟು ಬೆಳೆಯುವುದಿಲ್ಲ. ಬದಲಿಸುವ ದಿನ ದುಡ್ಡು ಉಳಿಸಲೆಂದು ಮೆಡಿಕಲ್ ಶಾಪಿನ ಕ್ರೇಪ್ ಬ್ಯಾಂಡೇಜ್ ತಂದು ಮನೆಯಲ್ಲೇ ಸುತ್ತುವವರಿಗೆ ನನ್ನ ಉತ್ತರ ಒಂದೇ: ಬೇಡ. ಎಲಾಸ್ಟಿಕ್ಕನ್ನು ಎಷ್ಟು ಎಳೆಯಬೇಕು ಎಂಬುದು ಕೈಗೆ ಅಭ್ಯಾಸವಾಗಿರಬೇಕು.

6. ನೆಕ್ಕದಂತೆ ನೋಡಿಕೊಳ್ಳಿ

ಕೊರಳಿಗೆ ಕೋನ್, ಅಂದರೆ ಬಾಯಿ ಕಟ್ಟಿಗೆ ತಾಗದಂತೆ ತಲೆಯ ಸುತ್ತ ನಿಲ್ಲುವ ಆಲಿಕೆ, ಬೇಕೇ ಬೇಕು. ಅಂಗಡಿಯಲ್ಲಿ ಚಂದ ಕಾಣುವ, ಗಾಳಿ ತುಂಬುವ ಉಂಗುರ ಮಾರುತ್ತಾರೆ. ಪಾದದ ಗಾಯಕ್ಕೆ ಅದು ದಂಡ. ಉದ್ದ ಮೂತಿಯ ನಾಯಿ, ನಮ್ಮ ಮುಧೋಳವಂತೂ, ಅದರ ಮೇಲಿಂದಲೇ ಬಾಗಿ ಆರಾಮಾಗಿ ಕಟ್ಟನ್ನು ಕಡಿಯುತ್ತದೆ. ಮನೆಯಲ್ಲಿ ಬಿದ್ದಿರುವ ಅಜ್ಜನ ಹಳೆಯ ಎಕ್ಸ್-ರೇ ಫಿಲ್ಮಿನಿಂದ ಒಳ್ಳೆಯ ಕೋನ್ ಆಗುತ್ತದೆ. ಮೂತಿಯ ತುದಿಗಿಂತ ಎರಡು ಮೂರು ಬೆರಳು ಮುಂದಕ್ಕೆ ಚಾಚಿರಲಿ, ಕುತ್ತಿಗೆಗೆ ತಾಗುವ ಅಂಚಿಗೆ ಬಟ್ಟೆಯನ್ನೋ ಟೇಪನ್ನೋ ಮಡಚಿ ಅಂಟಿಸಿ. ಮೊದಲ ದಿನ ನಾಯಿ ಬಾಗಿಲಿಗೆಲ್ಲ ಡಿಕ್ಕಿ ಹೊಡೆಯುತ್ತದೆ, ಮುಖ ಸಪ್ಪೆ ಮಾಡಿಕೊಳ್ಳುತ್ತದೆ. ಅಜ್ಜಿ "ಪಾಪ, ಬಿಚ್ಚಿಬಿಡ್ರೋ" ಅಂತಾರೆ. ಬಿಚ್ಚಬೇಡಿ.

7. ಓಡಾಟಕ್ಕೆ ತಡೆ

ಮೆಟ್ಟಿಲಿಲ್ಲ, ಸೋಫಾ ಇಲ್ಲ, ಕಾಂಪೌಂಡ್ ಹಾರುವುದಿಲ್ಲ. ಮೂತ್ರಕ್ಕೂ ಬೆಲ್ಟು ಹಿಡಿದೇ ಹೋಗಿ ಬನ್ನಿ. ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುವುದು ವಿಶ್ರಾಂತಿಯಲ್ಲ, ಪ್ರತಿ ಎಳೆತಕ್ಕೂ ಅದು ಕಾಲೂರಿ ಜಗ್ಗುತ್ತದೆ. ಒಂದು ಸಣ್ಣ ಕೋಣೆಯೋ ಪಂಜರವೋ ಮೇಲು. ನುಣುಪಾದ ಟೈಲ್ಸ್ ಮೇಲೆ ಗೋಣಿಚೀಲ ಅಥವಾ ನಾರಿನ ಚಾಪೆ ಹಾಸಿ. ಎರಡನೆಯ ವಾರಕ್ಕೆ ನೋವು ಇಳಿದು ನಾಯಿ ಕುಣಿಯತೊಡಗುತ್ತದೆ. ಕೂಡುತ್ತಿದ್ದ ಮೂಳೆ ಮತ್ತೆ ಸರಿಯುವ ಭಯ ಹೆಚ್ಚಿರುವುದು ಆಗಲೇ.

8. ಊಟ

ಕಾಲು ಸೂಪ್ ಕುಡಿಸಿದರೆ ಮೂಳೆ ಬೇಗ ಕೂಡುತ್ತದೆಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಸೂಪಿಗೆ ಬೀಳುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದ ಮೂಳೆ ಚೂರಾಗಿ ಕರುಳು ಚುಚ್ಚುತ್ತದೆ. ಕೊಡಲೇಬೇಕೆಂದಿದ್ದರೆ ಮಸಾಲೆ ಹಾಕದೆ ಕುದಿಸಿ, ಸೋಸಿ, ತಿಳಿ ಮಾತ್ರ ಕೊಡಿ. ಸರಿಯಾಗಿ ಉಣ್ಣುವ ನಾಯಿಗೆ ಕ್ಯಾಲ್ಸಿಯಂ ಮಾತ್ರೆ ಬೇಕಿಲ್ಲ. ದೊಡ್ಡ ತಳಿಯ ಮರಿಗೆ ಹೆಚ್ಚಿನ ಕ್ಯಾಲ್ಸಿಯಂ ಮೂಳೆಯನ್ನೇ ಸೊಟ್ಟಗೆ ಬೆಳೆಸೀತು. ಓಡಾಟ ಕಡಿಮೆಯಾದಂತೆ ಅನ್ನದ ಪ್ರಮಾಣವನ್ನೂ ಸ್ವಲ್ಪ ಇಳಿಸಿ.

9. ಬಿಚ್ಚಿದ ಮೇಲೆ

ಇನ್ನೊಮ್ಮೆ ಎಕ್ಸ್-ರೇ ನೋಡಿಯೇ ಬಿಚ್ಚಿಸಿ. ಕಾಲು ಸಣಕಲಾಗಿರುತ್ತದೆ, ಅಲ್ಲಲ್ಲಿ ಕೂದಲು ಉದುರಿರುತ್ತದೆ. ಇವೆರಡೂ ತಾನಾಗಿ ಸರಿಹೋಗುತ್ತವೆ. ಮೊದಲ ವಾರ ಬೆಲ್ಟು ಹಿಡಿದು ಐದೈದು ನಿಮಿಷದ ನಿಧಾನ ನಡಿಗೆ, ಆಮೇಲೆ ದಿನಾ ಸ್ವಲ್ಪ ಹೆಚ್ಚು. ಮೈದಾನಕ್ಕೆ ಬಿಡಲು ಅವಸರ ಬೇಡ. ಬೆರಳು ಕೂಡದೆ, ಕೀವು ತುಂಬಿ, ಡಾಕ್ಟರು ಅದನ್ನು ತೆಗೆಯಬೇಕು ಎಂದರೆ ಕಂಗಾಲಾಗಬೇಡಿ. ಅಂಚಿನ ಬೆರಳೊಂದು ಹೋದ ನಾಯಿ ಸಾಮಾನ್ಯವಾಗಿ ಮೊದಲಿನಂತೆಯೇ ಓಡುತ್ತದೆ.

ಕಟ್ಟಿನೊಳಗಿದ್ದ ಉಗುರುಗಳು ಸವೆಯದೆ ಉದ್ದವಾಗಿರುತ್ತವೆ. ಬಿಚ್ಚಿದ ದಿನ ಅಲ್ಲೇ ಕತ್ತರಿಸಿಕೊಡಲು ಕೇಳಿ. ಮೇಲಕ್ಕಿರುವ ಐದನೆಯ ಬೆರಳಿನದ್ದನ್ನು ಎಲ್ಲರೂ ಮರೆಯುತ್ತಾರೆ, ಬೆಳೆದರೆ ಅದು ಸುರುಳಿ ಸುತ್ತಿ ಚರ್ಮಕ್ಕೇ ಚುಚ್ಚುತ್ತದೆ.