ಎಸ್ಟೀಮ್ ಮೂತಿ ಕೊನೆಗೂ ನೆಲ ಹಿಡಿಯಿತು: ನನ್ನ ಅನುಭವ

"ನಾನೂರು ಮೀಟರ್ ಓಡೋ ಗಾಡಿಗೆ ಏರೋ ಯಾಕೆ ಗುರೂ, ಬೂಸ್ಟ್ ಏರಿಸು ಸಾಕು." ಏರೋ ಅಂದರೆ ಗಾಡಿ ಸುತ್ತ ಗಾಳಿ ಹರಿಯುವ ರೀತಿಯನ್ನು ತಿದ್ದುವುದು, ಬೂಸ್ಟ್ ಅಂದರೆ ಟರ್ಬೊ ಎಂಜಿನ್‌ಗೆ ತುಂಬುವ ಗಾಳಿಯ ಒತ್ತಡ. ಡ್ರಾಗ್ ರೇಸ್‌ಗೆ, ಅಂದರೆ ನಾನೂರು ಮೀಟರ್ ನೇರ ಓಟಕ್ಕೆ, ಹೋದಾಗ ಈ ಮಾತನ್ನು ಬೆಂಗಳೂರಿನ ಜಕ್ಕೂರು ರನ್‌ವೇಯಲ್ಲೂ ಕೇಳಿದ್ದೇನೆ, ಮಹಾರಾಷ್ಟ್ರದ ಆಂಬಿ ವ್ಯಾಲಿಯಲ್ಲೂ ಕೇಳಿದ್ದೇನೆ. ಹೇಳಿದವರಲ್ಲಿ ಕೆಲವರು ಈಗ ಫೋನ್ ಮಾಡಿ, ಬಾನೆಟ್ ಎಲ್ಲಿ ಕೊಯ್ದೆ, ಎಷ್ಟು ಅಗಲ ಕೊಯ್ದೆ ಅಂತ ಕೇಳುತ್ತಿದ್ದಾರೆ. ವೇಗದಲ್ಲಿ ಗಾಳಿಗೆ ಏಳುತ್ತಿದ್ದ ಗಾಡಿಯ ಮೂತಿಯನ್ನು ಕೂರಿಸಿದ್ದು ಹೇಗೆ ಅಂತ ಒಬ್ಬೊಬ್ಬರಿಗೂ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ಗಾಡಿ ಗೊತ್ತಲ್ವಾ, ಮಾರುತಿ ಎಸ್ಟೀಮ್. ಎಂಜಿನ್ ಜಿ13ಬಿಬಿ, 1.3 ಲೀಟರ್, ಹದಿನಾರು ವಾಲ್ವ್. ಕಂಪನಿಯಿಂದ ಬಂದಾಗ 85 ಎಚ್‌ಪಿ. ಟರ್ಬೊ ಹಾಕಿದ ಮೇಲೆ ವ್ಹೀಲಿನಲ್ಲಿ, ಅಂದರೆ ಚಕ್ರಕ್ಕೆ ತಲುಪುವುದೇ, ಇನ್ನೂರು ಎಚ್‌ಪಿ ಆಸುಪಾಸು. ಒಳಗಿನದೆಲ್ಲ ಬಿಚ್ಚಿ ರಕ್ಷಣೆಗೆ ಪೈಪಿನ ಕೇಜ್ ಹಾಕಿದ ಮೇಲೆ ತೂಕ 760 ಕೆಜಿ ಚಿಲ್ಲರೆ. ಫಿನಿಶ್ ಲೈನಿನಲ್ಲಿ ಗಂಟೆಗೆ 175 ಕಿಲೋಮೀಟರ್ ಹತ್ತಿರ ಹೋಗುತ್ತಿತ್ತು. ಓಡಿಸುವುದು ನನ್ನ ತಮ್ಮ.

ತೊಂದರೆ ಶುರುವಾಗುತ್ತಿದ್ದದ್ದು ನಾಲ್ಕನೇ ಗೇರಿನಲ್ಲಿ. 150 ದಾಟಿದ ಕೂಡಲೇ ಮುಂದಿನ ಭಾಗ ಹಗುರ ಆಗುತ್ತಿತ್ತು, ಸ್ವಲ್ಪ ಅಡ್ಡಗಾಳಿ ಇದ್ದರಂತೂ ಗಾಡಿ ಪಕ್ಕದ ಲೇನ್ ಕಡೆ ನಡೆಯುತ್ತಿತ್ತು. "ಅಣ್ಣಾ, ಸ್ಟೇರಿಂಗ್ ಕೈಲಿದೆ, ಗಾಡಿ ಕೈಲಿಲ್ಲ" ಅಂದ ತಮ್ಮ. ಕೊನೆಯ ಐವತ್ತು ಮೀಟರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಿದ್ದ. ಓಟದ ದಾಖಲೆ (ಲಾಗ್) ನೋಡಿದರೆ ಥ್ರಾಟಲ್ ಶೇಕಡಾ 100ರಿಂದ 80ಕ್ಕೆ, ಮತ್ತೆ 90ಕ್ಕೆ. ಅವನನ್ನು ಬೈಯುವಂತಿರಲಿಲ್ಲ, ಆ ಸೀಟಿನಲ್ಲಿ ಕೂತರೆ ಯಾರಾದರೂ ಹಾಗೇ ಮಾಡುತ್ತಾರೆ.

ಎಲ್ಲರೂ ಅಲೈನ್‌ಮೆಂಟ್ ಅಂದರು. ಅಲೈನ್‌ಮೆಂಟ್, ಬುಶ್, ಟೈರ್ ಪ್ರೆಶರ್, ಟಾರ್ಕ್ ಸ್ಟಿಯರ್ (ಎಂಜಿನ್ ಎಳೆತಕ್ಕೆ ಗಾಡಿ ಒಂದು ಕಡೆ ಎಳೆಯುವುದು) ಎಲ್ಲ ನೋಡಿ ಆಗಿತ್ತು. ಟಾರ್ಕ್ ಸ್ಟಿಯರ್ ಆಗಿದ್ದರೆ ಎರಡನೇ ಗೇರಿನಲ್ಲಿ ಎಳೆಯಬೇಕಿತ್ತು, ಅಲ್ಲಿ ನೇರ ಹೋಗುತ್ತಿತ್ತು. ವೇಗದ ಜೊತೆ ಜಾಸ್ತಿ ಆಗುವ ಕಾಯಿಲೆ ಅಂದರೆ ಗಾಳಿಯದ್ದೇ.

ಇದನ್ನು ಕಣ್ಣಾರೆ ನೋಡೋಣ ಅಂತ ಬಾಗಿಲಿಗೆ ಸಣ್ಣ ಆಕ್ಷನ್ ಕ್ಯಾಮೆರಾ ಕಟ್ಟಿ ಮುಂದಿನ ಚಕ್ರದ ಕಡೆ ತಿರುಗಿಸಿದೆ. ಚಕ್ರದ ಮೇಲಿನ ತಗಡಿನ (ಫೆಂಡರ್) ಅಂಚಿನಿಂದ ಕೆಳಗೆ ಮಿಲಿಮೀಟರ್ ಗೆರೆ ಇರುವ ಪಟ್ಟಿ ಅಂಟಿಸಿದ್ದೆ. ಹೊರಟಾಗ ಮೂತಿ 40 ಮಿಲಿಮೀಟರ್ ಏಳುತ್ತದೆ, ಅದು ಎಲ್ಲರಿಗೂ ಗೊತ್ತು. ಮೂರನೇ ಗೇರಿಗೆ ಬರುವಾಗ ಕೆಳಗೆ ಕೂರುತ್ತದೆ, ಅದೂ ಗೊತ್ತು. ಆಮೇಲೆ 140ರಿಂದ ನಿಧಾನವಾಗಿ ಮತ್ತೆ ಏಳುತ್ತಾ ಬಂತು. ಎಂಜಿನ್ ಎಳೆತ ಆಗ ಕಡಿಮೆ ಆಗುತ್ತಿರುತ್ತದೆ, ಮೂತಿ ಇನ್ನೂ ಕೆಳಗೆ ಬರಬೇಕು. ಬರದೆ 15-20 ಮಿಲಿಮೀಟರ್ ಮೇಲೆ ಹೋಯಿತು. ಮೂತಿ ಎದ್ದಷ್ಟೂ ಅಡಿಗೆ ಗಾಳಿ ಜಾಸ್ತಿ ನುಗ್ಗುತ್ತದೆ, ನುಗ್ಗಿದಷ್ಟೂ ಇನ್ನೂ ಏಳುತ್ತದೆ. ಆ ವಿಡಿಯೊ ತೋರಿಸಿದ ಮೇಲೆ ಅಲೈನ್‌ಮೆಂಟ್ ಮಾತು ನಿಂತಿತು.

ಮೊದಲ ದುಡ್ಡು ಹೋದದ್ದು ಫೈಬರ್ ಬಾಡಿ ಕಿಟ್‌ಗೆ. ಬಂಪರ್, ಬಾನೆಟ್ ಸೇರಿ 25-26 ಸಾವಿರ. ನೋಡೋಕೆ ಚೆಂದ, ತೂಕವೂ ಇಲ್ಲ. ಆದರೆ ಬಂಪರಿನ ದೊಡ್ಡ ಬಾಯಿಯಿಂದ ಒಳಗೆ ಹೋದ ಗಾಳಿ ಹೊರಗೆ ಬರೋಕೆ ದಾರಿ ಇಲ್ಲ. 160ರಲ್ಲಿ ಬಾನೆಟ್ ಮಧ್ಯ ಪೂರಿ ಹಾಗೆ ಉಬ್ಬಿದ್ದು ವಿಡಿಯೊದಲ್ಲಿ ಕಾಣುತ್ತದೆ. ಬಾನೆಟ್ ಬಿಗಿಯುವ ಪಿನ್ ಎರಡು ಸಾಲದೆ ನಾಲ್ಕು ಹಾಕಿದೆವು, ಪಿನ್ ಸುತ್ತ ಫೈಬರ್ ಬಿರುಕು ಬಿಟ್ಟಿತು. ಬಾನೆಟ್ ಬಿಚ್ಚಿ ಮೂಲೆಗಿಟ್ಟು ಹಳೆಯ ತಗಡಿನದ್ದೇ ವಾಪಸ್ ಹಾಕಿದೆ. ಐದಾರು ಕೆಜಿ ಜಾಸ್ತಿ, ಇರಲಿ. ಕಾರ್ಬನ್ ಫೈಬರ್ ಬಾನೆಟ್‌ಗೆ ಒಬ್ಬರು 60 ಸಾವಿರದ ಮೇಲೆ ಹೇಳಿದರು, ಅದರ ತಂಟೆಗೆ ಹೋಗಲಿಲ್ಲ.

ಈಗ ಅಸಲಿ ವಿಷಯ, ಬಾನೆಟ್ ಮೇಲೆ ಗಾಳಿಯ ಒತ್ತಡ ಅಳೆಯೋಕೆ ಬಳಸಿದ ಲೆವೆಲ್ ಪೈಪ್. ಗಾರೆ ಕೆಲಸದವರು ಮಟ್ಟ ನೋಡೋಕೆ ಇಟ್ಟುಕೊಳ್ಳುತ್ತಾರಲ್ಲ, ಅದೇ ಟ್ರಾನ್ಸ್‌ಪರೆಂಟ್ ಪೈಪ್. ಅದನ್ನು ಯು ಆಕಾರಕ್ಕೆ ಬಗ್ಗಿಸಿ ಹಲಗೆಗೆ ಕಟ್ಟಿ, ಸ್ಕೇಲ್ ಅಂಟಿಸಿ, ಕೆಂಪು ಇಂಕ್ ಕಲಸಿದ ನೀರು ಹಾಕಿದೆ. ಒಂದು ತುದಿಗೆ ಅಕ್ವೇರಿಯಂ ಪೈಪ್ ಜೋಡಿಸಿ ಬಾನೆಟ್ ಮೇಲೆ ಬೇಕಾದ ಕಡೆ ಟೇಪ್ ಹಾಕಿ ಅಂಟಿಸುವುದು. ಇನ್ನೊಂದು ತುದಿ ಕ್ಯಾಬಿನ್ ಒಳಗೆ, ಒಂದು ಮುಚ್ಚಿದ ಬಾಟಲಿಗೆ. ಎಲ್ಲ ಸೇರಿ ಮುನ್ನೂರು ರೂಪಾಯಿ ಆಗಿರಬಹುದು. ಬಾನೆಟ್ ಮೇಲಿನ ತುದಿಯನ್ನು ಹೇಗೆ ಕತ್ತರಿಸಿ ಹೇಗೆ ಮಲಗಿಸಬೇಕು ಅನ್ನುವುದರಲ್ಲಿ ಒಂದು ಕೈಚಳಕ ಇದೆ, ತಪ್ಪಾದರೆ ಸುಳ್ಳು ಹೇಳುತ್ತದೆ. ಅದನ್ನು ನೀವೇ ಒಂದೆರಡು ಸಲ ಮಾಡಿ ಕಂಡುಕೊಳ್ಳಿ.

ಡ್ರಾಗ್ ಗಾಡಿಯನ್ನು ರೋಡಿಗೆ ಇಳಿಸಲಿಲ್ಲ. ಗೆಳೆಯನೊಬ್ಬನ ಸ್ಟಾಕ್ ಎಸ್ಟೀಮ್ ಇತ್ತು, ಬಾಡಿ ಅದೇ, ಬಾನೆಟ್ ಅದೇ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಬೆಳಗಿನ ಜಾವ, ಗಾಳಿ ಬೀಸದ ಹೊತ್ತಿನಲ್ಲಿ, ಮಿತಿಯೊಳಗೇ 100ರಲ್ಲಿ ಸುಮ್ನೆ ಹೋಗುತ್ತಾ ಅವನು ಓಡಿಸಿದ, ನಾನು ಪಕ್ಕ ಕೂತು ಬರೆದುಕೊಂಡೆ. ಗಾಳಿಯ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಹಾಗಾಗಿ 100ರಲ್ಲಿ ಸಿಕ್ಕಿದ್ದನ್ನು 180ಕ್ಕೆ ಲೆಕ್ಕ ಹಾಕೋಕೆ ಮೂರೂಕಾಲಿನಿಂದ ಗುಣಿಸಿದರೆ ಆಯಿತು. ಇನ್ನೊಂದು ಅನುಕೂಲ, ಒಂದು ಮಿಲಿಮೀಟರ್ ನೀರು ಅಂದರೆ ಒಂದು ಚದರ ಮೀಟರಿಗೆ ಒಂದು ಕೆಜಿ. ಬೇರೆ ಗಣಿತ ಬೇಡ.

ಬಂಪರಿನ ನಟ್ಟನಡುವೆ 40 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಪ್ರೆಶರ್ ಬಂತು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಚೆನ್ನೈ ಕಡೆ ಮಾಡಿದರೆ ಇನ್ನೂ ಮೂರ್ನಾಲ್ಕು ಮಿಲಿಮೀಟರ್ ಜಾಸ್ತಿ ಬರುತ್ತದೆ. ಬಾನೆಟ್ ಮುಂದಿನ ಅಂಚು ದಾಟಿದ ಕೂಡಲೇ ನೀರು ಆ ಕಡೆ ಎಳೆದುಕೊಂಡಿತು, 12ರ ಹತ್ತಿರ ಸಕ್ಷನ್, ಅಂದರೆ ಎಳೆತ. ಮಧ್ಯದಲ್ಲಿ ಐದಾರು. ವಿಂಡ್‌ಶೀಲ್ಡ್ ಬುಡದಲ್ಲಿ ಉಲ್ಟಾ, ಹತ್ತು ಮಿಲಿಮೀಟರ್ ಪ್ರೆಶರ್. ಬಾನೆಟ್ ಒಳಗೆ ಎಂಟು ಪ್ರೆಶರ್. ಅಂದರೆ ಬಾನೆಟ್ ಮುಂಭಾಗದಲ್ಲಿ ಮೇಲಿನಿಂದ ಎಳೆತ, ಕೆಳಗಿನಿಂದ ನೂಕು, ಎರಡೂ ಸೇರಿ 20. ಇದು 180ಕ್ಕೆ 65 ಆಗುತ್ತದೆ. ಅರ್ಧ ಚದರ ಮೀಟರ್ ಅಂದುಕೊಂಡರೂ ಮೂವತ್ತು ಕೆಜಿ ಮೇಲಕ್ಕೆ. ಬಂಪರ್ ಅಡಿಯಲ್ಲಿ ನುಗ್ಗುವ ಗಾಳಿಯ ಲೆಕ್ಕ ಬೇರೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಬಾನೆಟ್ ಹಿಂದಿನ ಹಿಂಜ್‌ಗೆ ವಾಷರ್ ಕೊಟ್ಟು ಎತ್ತುವ ಚಾಳಿ ನಮ್ಮಲ್ಲಿ ತುಂಬಾ ಇದೆ, ಬಿಸಿ ಗಾಳಿ ಹೊರಗೆ ಹೋಗುತ್ತದೆ ಅಂತ. ನಿಂತಾಗ ಹೋಗುತ್ತದೆ, ನಿಜ. ಓಡುವಾಗ ಆ ಜಾಗದಲ್ಲಿ ಹೊರಗಿನ ಪ್ರೆಶರ್ ಒಳಗಿನದಕ್ಕಿಂತ ಜಾಸ್ತಿ. ಗಾಳಿ ಅಲ್ಲಿಂದ ಒಳಗೆ ಬರುತ್ತದೆ, ಹೋಗುವುದಿಲ್ಲ. ಉಲ್ಲನ್ ದಾರದ ತುಂಡುಗಳನ್ನು ಅಲ್ಲಿ ಅಂಟಿಸಿದೆ, ಎಲ್ಲವೂ ಬಾನೆಟ್ ಒಳಗೆ ಮುಖ ಮಾಡಿ ಮಲಗಿದವು. ನಂಬದವರು ಮನೆಯ ಕಾರಿನಲ್ಲೇ ನೋಡಬಹುದು.

ಹಾಗಾಗಿ ಕೊಯ್ದದ್ದು ಬಾನೆಟ್ ಮುಂಭಾಗದಲ್ಲಿ, ರೇಡಿಯೇಟರ್ ಹಿಂದೆ. ಅಂಚಿನಿಂದ ಸರಿಯಾಗಿ ಎಷ್ಟು ಇಂಚು ಅಂತ ಇಲ್ಲಿ ಬರೆಯುವುದಿಲ್ಲ. ನಿಮ್ಮ ಗಾಡಿಗೆ ಅದು ಬೇರೆ ಆಗುತ್ತದೆ, ನನ್ನದಕ್ಕೆ ಸಿಗಲು ನಾನು ಸಾಕಷ್ಟು ಪೆಟ್ರೋಲ್ ಸುಟ್ಟಿದ್ದೇನೆ. ತೂತಿನ ಮುಂದಿನ ಅಂಚಿಗೆ ತಗಡನ್ನು ಸಣ್ಣಗೆ ಮಡಚಿ ಮೇಲಕ್ಕೆ ನಿಲ್ಲಿಸಿದ್ದೇವೆ, ಅದರಿಂದ ಎಳೆತ ಜಾಸ್ತಿ ಆಯಿತು ಅನ್ನುವಷ್ಟು ಹೇಳಬಲ್ಲೆ. ತಗಡು ಕೆಲಸ ಪೀಣ್ಯದಲ್ಲಿ ಮಾಡಿಸಿದ್ದು, ಎರಡೂವರೆ ಸಾವಿರ.

ಆಮೇಲೆ ಬಂಪರಿನ ಬಾಯಿ ಮುಚ್ಚುವ ಕೆಲಸ. ಹನ್ನೆರಡು ಹದಿಮೂರು ಸೆಕೆಂಡ್ ಓಡುವ ಗಾಡಿಗೆ ರೇಡಿಯೇಟರ್ ಪೂರ್ತಿ ಗಾಳಿ ಬೇಡ. ಬಿಸಿ ಆಗುವುದು ಓಟದ ಸರದಿಗೆ ಕಾಯುವ ಸ್ಟೇಜಿಂಗ್ ಸಾಲಿನಲ್ಲಿ ನಿಂತಾಗ, ಅದಕ್ಕೆ ಫ್ಯಾನ್ ಇದೆ. ಮೇಲಿನ ಗ್ರಿಲ್ ಪೂರ್ತಿ ಮುಚ್ಚಿದೆ. ಕೆಳಗೆ ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ಮಾತ್ರ ಬಾಯಿ, ಅದರ ಮುಖದ ಅಳತೆಯ ಮೂರನೇ ಒಂದು ಭಾಗ. ಬಾಯಿಂದ ಕೂಲರ್‌ವರೆಗೆ ಅಲ್ಯೂಮಿನಿಯಂ ಶೀಟಿನ ಡಕ್ಟ್, ಸುತ್ತ ಸೀಟ್ ಫೋಮ್ ಮತ್ತು ಬಾಗಿಲ ಬೀಡಿಂಗ್ ತುರುಕಿ ಒಂದು ಸಂದೂ ಬಿಡಲಿಲ್ಲ. ಬೀಡಿಂಗ್ ಶಿವಾಜಿನಗರದ ಗುಜರಿಯಲ್ಲಿ ನೂರೈವತ್ತಕ್ಕೆ ಸಿಕ್ಕಿತು. ಮೊದಲಿನ ದೊಡ್ಡ ಬಾಯಿಗಿಂತ ಈ ಸಣ್ಣ ಬಾಯಲ್ಲೇ ಎಂಜಿನ್ ಒಳಗೆ ಹೋಗುವ ಗಾಳಿ ತಣ್ಣಗಿದೆ, ಯಾಕೆಂದರೆ ಬಂದ ಗಾಳಿ ಕೂಲರ್ ಪಕ್ಕದಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ.

ಹೆಡ್‌ಲೈಟ್ ತೆಗೆದು ಅಲ್ಲಿಂದ ರ್ಯಾಮ್ ಏರ್ (ಓಟದ ವೇಗಕ್ಕೆ ತಾನೇ ಎಂಜಿನ್‌ಗೆ ನುಗ್ಗುವ ಗಾಳಿ) ಕೊಟ್ಟರೆ ಹೇಗೆ ಅಂತ ಒಂದು ಪ್ರಯೋಗ ಮಾಡಿದೆ. 180ರಲ್ಲಿ ಪೂರ್ತಿ ಗಾಳಿ ಹಿಡಿದರೂ ಸಿಗುವುದು 0.014 ಬಾರ್. ಅಷ್ಟು ಒತ್ತಡಕ್ಕೋಸ್ಕರವೇ ಆದರೆ ಲೈಟ್ ತೆಗೆಯೋದು ದಂಡ. ತಣ್ಣನೆ ಗಾಳಿ ಸಿಗುತ್ತದೆ ಅನ್ನುವುದು ಮಾತ್ರ ಲಾಭ, ಹತ್ತು ಡಿಗ್ರಿ ಇಳಿಯಿತು. ಹಾಗಾಗಿ ಆ ಗಾಳಿ ದಾರಿಯನ್ನು ಉಳಿಸಿಕೊಂಡೆ, ಆದರೆ ರ್ಯಾಮ್ ಅಂತ ಯಾರ ಹತ್ತಿರವೂ ಹೇಳಿಕೊಳ್ಳುವುದಿಲ್ಲ.

ಬಂಪರ್ ಅಡಿಗೆ ಗಾಳಿ ನುಗ್ಗದಂತೆ ತಡೆಯುವ ಏರ್ ಡ್ಯಾಮ್‌ಗೆ ಮೊದಲು ಲಾರಿ ಮಡ್‌ಫ್ಲ್ಯಾಪ್ ರಬ್ಬರ್ ಹಾಕಿದೆ. ನೆಲಕ್ಕೆ ತಾಗಿದರೂ ಒಡೆಯಲ್ಲ ಅಂತ. 140ರವರೆಗೆ ನಿಂತಿತ್ತು, ಆಮೇಲೆ ಹಿಂದಕ್ಕೆ ಮಡಚಿಕೊಂಡಿತು, ಬೇಕಾದ ಹೊತ್ತಿಗೇ ಇಲ್ಲ. ಹಿಂದೆ ಅಲ್ಯೂಮಿನಿಯಂ ಪಟ್ಟಿ ಕೊಟ್ಟು, ಕೆಳಗಿನ ಒಂದೂವರೆ ಇಂಚು ಮಾತ್ರ ಬಗ್ಗುವ ಹಾಗೆ ಬಿಟ್ಟ ಮೇಲೆ ಸರಿಹೋಯಿತು.

ಬಂಪರ್ ಕೆಳಗೆ ಮುಂದಕ್ಕೆ ಚಾಚುವ ಹಲಗೆ, ಅಂದರೆ ಸ್ಪ್ಲಿಟರ್‌ಗೆ, ಮೊದಲು ಎಸಿಪಿ (ಅಲ್ಯೂಮಿನಿಯಂ-ಪ್ಲಾಸ್ಟಿಕ್) ಶೀಟ್. ಬೋರ್ಡ್ ಮಾಡುವ ಅಂಗಡಿಯಲ್ಲಿ ಉಳಿದ ತುಂಡು ಏಳೆಂಟುನೂರಕ್ಕೆ ಸಿಕ್ಕಿತು, ಹಗುರ, ಕೊಯ್ಯೋದು ಸುಲಭ. ಆದರೆ ತುದಿ ಕೆಳಗೆ ಬಾಗುತ್ತದೆ, ಒಂದು ಸಲ ರನ್‌ವೇ ಜಾಯಿಂಟಿಗೆ ತಾಗಿ ಅರ್ಧ ಹರಿದುಹೋಯಿತು. 12 ಎಂಎಂ ಮರೀನ್ ಪ್ಲೈ ಹಾಕಿದೆ, ಅಂಚು ಉಜ್ಜಿ ಗುಂಡಗೆ ಮಾಡಿ, ಎರಡು ಕೋಟ್ ಎಪಾಕ್ಸಿ. ಹೊರಗೆ ಚಾಚಿದ್ದು 80 ಎಂಎಂ ಮಾತ್ರ. ಲೆಕ್ಕಕ್ಕೆ 180ರಲ್ಲಿ ಅದರ ಮೇಲೆ ಬೀಳುವುದು 20 ಕೆಜಿ ಆಸುಪಾಸು, ಆದರೆ ನಾನು ಮೇಲೆ ನಿಂತು ನೋಡಿದ ಮೇಲೇ ಒಪ್ಪಿದ್ದು. ಬಂಪರಿಗೆ ಬೋಲ್ಟ್ ಮಾಡಬೇಡಿ, ಚಾಸಿಗೆ ಮಾಡಿ. ಬಂಪರಿಗೆ ಮಾಡಿದರೆ ಬಂಪರ್ ಮಾತ್ರ ಕೆಳಗೆ ಬರುತ್ತದೆ, ಗಾಡಿ ಬರುವುದಿಲ್ಲ. ಅದನ್ನು ಹಿಡಿದಿಡುವ ರಾಡ್‌ಗೆ ಹಾರ್ಡ್‌ವೇರ್ ಅಂಗಡಿಯ ಟರ್ನ್‌ಬಕಲ್ (ತಿರುಗಿಸಿ ಬಿಗಿಯುವ ಕೊಂಡಿ) ಸಾಕು.

ಅಡಿಯನ್ನು ಪೂರ್ತಿ ಶೀಟಿನಿಂದ ಮುಚ್ಚುವ ಆಸೆಯೂ ಆಯಿತು. ಮುಂದಿನಿಂದ ಗೇರ್‌ಬಾಕ್ಸ್ ಹಿಂದಿನವರೆಗೆ ಹಾಕಿದೆವು. ಸಾಲಿನಲ್ಲಿ ನಿಂತಾಗ ಟರ್ಬೊದಿಂದ ಹೊಗೆ ಇಳಿಯುವ ಡೌನ್‌ಪೈಪಿನ ಬಿಸಿಗೆ ಕೇಬಲ್ ಕವರ್ ಕರಗಿತು. ಈಗ ಶೀಟು ಮುಂದಿನ ಚಕ್ರಗಳ ಆಕ್ಸಲ್ ಲೈನಿನವರೆಗೆ ಮಾತ್ರ.

ಇಷ್ಟಾದ ಮೇಲೆ ಮೂತಿ ಕೂತಿತು. ಆದರೆ ಹಿಂಭಾಗ ಎದ್ದಿತು! ಫಿನಿಶ್ ದಾಟಿ ಕಾಲು ತೆಗೆದು ಬ್ರೇಕ್ ಮುಟ್ಟಿದರೆ ಹಿಂದಿನ ಚಕ್ರ ಆ ಕಡೆ ಈ ಕಡೆ ಆಡಿತು. ಇದು ಮೊದಲಿನದಕ್ಕಿಂತ ಅಪಾಯ. ಮೂತಿ ಹಗುರ ಆದರೆ ಗಾಡಿ ಸ್ಟೇರಿಂಗ್ ಮಾತು ಕೇಳುವುದಿಲ್ಲ ಅಷ್ಟೇ, ಹಗುರ ಹಿಂಭಾಗ ಗಾಡಿಯನ್ನು ತಿರುಗಿಸುತ್ತದೆ. ಜಕ್ಕೂರಿನಂಥ ಸಣ್ಣ ರನ್‌ವೇಯಲ್ಲಿ ನಿಲ್ಲಿಸೋಕೆ ಜಾಗವೂ ಕಮ್ಮಿ. ಮುಂದೆ ಏನೇ ಸೇರಿಸಿ, ಹಿಂದೆಯೂ ಅದೇ ದಿನ ಸೇರಿಸಿ. ಡಿಕ್ಕಿ ಮೇಲೆ ಎರಡು ಇಂಚಿನ ಅಲ್ಯೂಮಿನಿಯಂ ಪಟ್ಟಿಯನ್ನು ಓರೆಯಾಗಿ ರಿವೆಟ್ ಮಾಡಿದೆವು. ಹಿಂದಿನ ಚಕ್ರಗಳಿಗೆ ಸ್ವಲ್ಪ ಟೋ ಇನ್ (ಮುಂತುದಿ ಒಳಗೆ ವಾಲುವ ಹಾಗೆ) ಕೊಟ್ಟೆವು, ಟೈರ್ 40 ಪಿಎಸ್‌ಐ ದಾಟಿಸಿದೆವು, ಸ್ಪ್ರಿಂಗ್ ಗಟ್ಟಿ ಮಾಡಿ ಬಂಪ್ ರಬ್ಬರ್ ತುಂಬಿ ಕೂರದ ಹಾಗೆ ಮಾಡಿದೆವು. ಮುಂದೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಜೋಡಿ) ಜಾಸ್ತಿ ಬಿಚ್ಚಿಕೊಳ್ಳದಂತೆ ವೈರ್ ರೋಪ್ ಕಟ್ಟಿದ್ದೇವೆ. ಸ್ಟ್ರಟ್ ಟಾಪ್ ತೂತು ಉದ್ದ ಮಾಡಿ ಕ್ಯಾಸ್ಟರ್ (ಸ್ಟ್ರಟ್ ಹಿಂದಕ್ಕೆ ವಾಲುವ ಕೋನ) ಎರಡು ಡಿಗ್ರಿ ಹತ್ತಿರ ಏರಿಸಿದೆ. ಮುಂದಿನ ಟೋ ಎಷ್ಟು ಅಂತ ಕೇಳಬೇಡಿ, ಅದು ಅಣ್ಣ ತಮ್ಮನ ನಡುವೆ ಇರಲಿ.

ಈಗ ವಿಡಿಯೊದಲ್ಲಿ 140ರ ಮೇಲೆ ಮೂತಿ ಏಳುವುದಿಲ್ಲ, ಐದಾರು ಎಂಎಂ ಕೆಳಗೇ ಹೋಗುತ್ತದೆ. ಅದೇ ಬೂಸ್ಟ್, ಅದೇ ಟೈರ್, ಟ್ರ್ಯಾಪ್ ಸ್ಪೀಡ್ (ಫಿನಿಶ್ ಲೈನಿನ ವೇಗ) ಮೂರರಿಂದ ನಾಲ್ಕು ಕಿಲೋಮೀಟರ್ ಜಾಸ್ತಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತಮ್ಮ ಕಾಲು ತೆಗೆಯದೆ ಇದ್ದದ್ದಕ್ಕೆ ಬಂದದ್ದು, ಉಳಿದದ್ದು ಗಾಳಿಯ ತಡೆ ಇಳಿದದ್ದಕ್ಕೆ. ಟೈಮೂ ಸ್ವಲ್ಪ ಇಳಿಯಿತು. ಈ ಗಾಡಿ 180ರಲ್ಲಿ ಗಾಳಿ ತಳ್ಳೋಕೇ 55-60 ಎಚ್‌ಪಿ ತಿನ್ನುತ್ತದೆ, ವ್ಹೀಲಿನಲ್ಲಿ ಇರುವುದೇ ಇನ್ನೂರು. ನಾನೂರು ಮೀಟರಿಗೆ ಏರೋ ಬೇಡ ಅನ್ನುವವರು ಈ ಲೆಕ್ಕ ನೋಡಲಿ. ಬಾಡಿ ಕಿಟ್ ಬಿಟ್ಟು ಒಟ್ಟು ಖರ್ಚು 17-18 ಸಾವಿರ. ಟರ್ಬೊ ಬದಲಿಸಿ ಇಷ್ಟೇ ವೇಗ ಪಡೆಯೋಕೆ ಇದರ ಐದು ಪಟ್ಟು ಬೇಕು, ಆಗಲೂ ಮೂತಿ ಏಳುತ್ತಲೇ ಇರುತ್ತಿತ್ತು.

ಮುಂದಿನ ಸೀಸನ್‌ಗೆ ಹಿಂದೆ ಉದ್ದ ವ್ಹೀಲಿ ಬಾರ್ (ತುದಿಯಲ್ಲಿ ಸಣ್ಣ ಗಾಲಿ ಇರುವ ಪೈಪ್ ಚೌಕಟ್ಟು) ಹಾಕುವ ಯೋಚನೆ ಇದೆ. ಅಮೆರಿಕದ ಫ್ರಂಟ್ ವ್ಹೀಲ್ ಡ್ರೈವ್ ಡ್ರಾಗ್ ಗಾಡಿಗಳಲ್ಲಿ ಇರುತ್ತದಲ್ಲ, ಹಿಂಭಾಗ ಕೂರದೆ ತೂಕ ಮುಂದಿನ ಚಕ್ರದ ಮೇಲೇ ಉಳಿಯಲಿ ಅಂತ, ಆ ಥರ. ಪೈಪ್ ತಂದಾಗಿದೆ. ಹೊರಡುವಾಗ ಏಳುವ 40 ಎಂಎಂ ಅದರಿಂದ ಅರ್ಧಕ್ಕೆ ಇಳಿದರೆ ಆಮೇಲೆ ಮೂತಿ ಕೆಳಗೆ ಬೀಳುವುದೂ ಕಮ್ಮಿ, ಸ್ಪ್ಲಿಟರ್ ಇನ್ನೂ ಸ್ವಲ್ಪ ಕೆಳಗೆ ಇಳಿಸಬಹುದು. ನೀರಿನ ಪೈಪ್ ಹಲಗೆ ಗ್ಯಾರೇಜಿನಲ್ಲೇ ಇದೆ, ಯಾರಿಗಾದರೂ ಬೇಕಿದ್ದರೆ ಬಂದು ತಗೊಂಡು ಹೋಗಿ, ವಾಪಸ್ ಮಾತ್ರ ತಂದುಕೊಡಿ.