ರೋಹು ಮೀನಿಗೆ ಹೇನು ಹತ್ತಿದಾಗ ನಾನು ಮಾಡಿದ ಎಡವಟ್ಟು

ಮದ್ದೂರಿನ ಹತ್ತಿರ ನಂದು ಅರ್ಧ ಎಕರೆ ಕೆರೆ. ಕಾಟ್ಲ, ರೋಹು, ಜೊತೆಗೆ ಒಂದಿಷ್ಟು ಹುಲ್ಲುಗೆಂಡೆ. ಹೋದ ಬೇಸಿಗೆಯಲ್ಲಿ ರೋಹುಗಳು ಹಿಂಡಿ ಚೀಲದ ಕಡೆ ಬರೋದು ಕಮ್ಮಿ ಮಾಡಿ, ದಡದ ಕಲ್ಲಿಗೆ ಮೈ ಉಜ್ಜೋಕೆ ಶುರು ಮಾಡಿದವು. ಬಲೆ ಹಾಕಿ ಒಂದನ್ನು ಎತ್ತಿದೆ. ಮೈ ತುಂಬ ದಪ್ಪ ಲೋಳೆ, ಈಜುರೆಕ್ಕೆ ಬುಡದಲ್ಲಿ ಕೆಂಪು ಚುಕ್ಕೆ, ಪಕ್ಕದಲ್ಲೇ ಗಾಜಿನ ಬಿಲ್ಲೆಯಂಥ ಚಪ್ಪಟೆ ಹುಳ, ಎರಡು ಕಪ್ಪು ಕಣ್ಣು. ಆರ್ಗ್ಯುಲಸ್, ಅಂದರೆ ಮೀನು ಹೇನು.

ನಾನೇನು ಮಾಡಿದೆ ಗೊತ್ತಾ? ದಿನಾ ಬಲೆ ಎಳೆದು, ಒಣ ಬಟ್ಟೆಯಲ್ಲಿ ಹೇನು ಒರೆಸಿದೆ. ವಾರದಲ್ಲಿ ಮೀನಿನ ಮೈ ಮೇಲೆ ಹುಣ್ಣು. ಮೀನುಗಾರಿಕೆ ಗೊತ್ತಿರೋರೊಬ್ಬರು ಬಂದು ನೋಡಿ, "ಅದರ ಮೊದಲ ಕಾವಲೇ ಲೋಳೆ ಸಾರ್, ಅದನ್ನ ನೀವೇ ಒರೆಸ್ತಾ ಇದ್ದೀರಲ್ಲ" ಅಂದರು. ಲೋಳೆಯಲ್ಲಿ ಬ್ಯಾಕ್ಟೀರಿಯಾ ಒಡೆಯೋ ಲೈಸೋಜೈಮ್ ಇರುತ್ತದೆ, ಪ್ರತಿಕಾಯ ಇರುತ್ತದೆ. ಹೇನು ಕೊಂಡಿ ಚುಚ್ಚಿದ ಕಡೆ ಮೀನು ಲೋಳೆ ಜಾಸ್ತಿ ಬಿಡೋದು, ಆ ಜಾಗ ಕೆಂಪಗೆ ಊದೋದು, ಎಲ್ಲ ಅದರ ಹೋರಾಟವೇ. ದಿನಾ ಬಲೆಗೆ ಬಿದ್ದು ಗಾಬರಿಯಾದರೆ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನು ಏರಿ ಆ ಹೋರಾಟವೇ ಕುಗ್ಗುತ್ತದೆ. ಗಾಯಕ್ಕೆ ಏರೊಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಸೇರಿಕೊಳ್ಳುವುದು ಆಮೇಲೆ.

ಬಿಳಿಚುಕ್ಕೆ ರೋಗ ಅಂತ ಇನ್ನೊಂದು ಪರಾವಲಂಬಿ ಕಾಯಿಲೆ ಇದೆ; ಅದು ಬಂದು ಬದುಕಿದ ಮೀನಿಗೆ ಅದು ಮತ್ತೆ ಅಷ್ಟು ಸುಲಭವಾಗಿ ತಗಲುವುದಿಲ್ಲ, ಪ್ರತಿಕಾಯ ತಡೆಯುತ್ತದೆ. ಹೇನಿನ ವಿಷಯದಲ್ಲಿ ನಾನು ಹಾಗೆ ಕಾಯ್ದು ಕೂತು ಕೆಟ್ಟೆ. ಅದೇ ರೋಹುಗಳಿಗೆ ತಿಂಗಳೊಳಗೆ ಮತ್ತೆ ಹತ್ತಿತು. ಹುಲ್ಲುಗೆಂಡೆ ಮೈ ಮೇಲೆ ಮಾತ್ರ ಒಂದೋ ಎರಡೋ ಅಷ್ಟೆ.

ಅಂಗಡಿಯವರು ಕೀಟನಾಶಕ ಕೊಡೋಕೆ ಬಂದರು, ಬೇಡ ಅಂದೆ. ಹೇನು ಅನ್ನೋದು ಹೆಸರಿಗಷ್ಟೆ, ಇದು ಸಿಗಡಿಯ ನೆಂಟ. ಅದನ್ನು ಕೊಲ್ಲೋ ಮದ್ದು ಕಾಟ್ಲ ತಿನ್ನೋ, ಅದೇ ಬಳಗದ ನೀರಿನ ಸಣ್ಣ ಹುಳಗಳನ್ನೂ ಬಿಡುವುದಿಲ್ಲ, ಅಲ್ವಾ?

ಕೊನೆಗೆ ಕೈ ಹಿಡಿದದ್ದು ಬಿದಿರು. ಹೆಣ್ಣು ಹೇನು ಮೀನನ್ನು ಬಿಟ್ಟು ಬಂದು ಗಟ್ಟಿ ವಸ್ತುವಿನ ಮೇಲೆ ಮೊಟ್ಟೆ ಅಂಟಿಸುತ್ತದೆ. ಅದಕ್ಕೇ ಇಪ್ಪತ್ತು ಗಳ ನೆಟ್ಟೆ. ಬೇಸಿಗೆಯಲ್ಲಿ ಮೊಟ್ಟೆ ಒಡೆಯೋಕೆ ಎರಡು ಮೂರು ವಾರ ಬೇಕು, ಹಾಗಾಗಿ ವಾರಕ್ಕೊಮ್ಮೆ ಕಿತ್ತು ಬಿಸಿಲಿಗೆ ಹಾಕಿದರೆ ಸಾಕು. ಮೊದಲ ಸಲ ಎತ್ತಿದಾಗ ಗಳದ ತುಂಬ ಮಾಸಲು ಹಳದಿ ಸಾಲುಗಳು, ಹೊಲಿಗೆ ಹಾಕಿದ ಹಾಗೆ. ಬಲೆಯನ್ನು ಹದಿನೈದು ದಿನಕ್ಕೊಮ್ಮೆ ಮಾತ್ರ ಮುಟ್ಟಿದೆ, ಮೀನು ಹಿಡಿಯೋ ಮುಂಚೆ ಕೈ ಒದ್ದೆ ಮಾಡಿಕೊಂಡೆ. ಎರಡು ತಿಂಗಳಾದ ಮೇಲೆ ರೋಹುಗಳು ಮತ್ತೆ ಹಿಂಡಿಗೆ ಮುಗಿಬಿದ್ದವು. ಗಳ ಎತ್ತೋದು ಈಗ ಮಗಳ ಭಾನುವಾರದ ಕೆಲಸ. ಹೋದ ವಾರ ಇಪ್ಪತ್ತು ಗಳಕ್ಕೂ ಸೇರಿ ಅವಳಿಗೆ ಸಿಕ್ಕಿದ್ದು ಎರಡೇ ಸಾಲು.