ಖಣದ ಗಂಟು ಹೊತ್ತ ಟೈರ್ 28 ಸಾವಿರ ಓಡಿತು

ಹೋದ ತಿಂಗಳು ನನ್ನ ಸ್ಪ್ಲೆಂಡರ್‌ನ ಹಿಂದಿನ ಟೈರ್ ಬಿಚ್ಚಿಸಿದೆ. 28 ಸಾವಿರ ಚಿಲ್ಲರೆ ಕಿಲೋಮೀಟರ್ ಓಡಿತ್ತು. ಪಂಕ್ಚರ್ ಅಂಗಡಿಯವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಎಡಕ್ಕೂ ಬಲಕ್ಕೂ ಒಂದೇ ಸಮ ಸವೆದಿತ್ತು. ಎರಡು ವರ್ಷದ ಹಿಂದೆ ಇದೇ ಮನುಷ್ಯ "ಟೈರಿಗೆ ಹಾಲು ಕುಡಸ್ತೀರೇನ್ರೀ?" ಅಂತ ನಕ್ಕಿದ್ದ. ಈ ಸಲ ನಗಲಿಲ್ಲ. "ಯಾವ ಕಂಪನೀದ ಹಾಕಿದ್ರಿ?" ಅಂತಷ್ಟೇ ಕೇಳಿದ. ಅದನ್ನು ಅವನಿಗೂ ಹೇಳಲಿಲ್ಲ, ಇಲ್ಲೂ ಬರೆಯಲ್ಲ. ಮೊದಲು 13 ಸಾವಿರಕ್ಕೆ ಬೋಳಾಗುತ್ತಿದ್ದದ್ದೂ ಅದೇ ಕಂಪನಿಯ ಅದೇ ಟೈರ್. ಹೆಸರು ಹೇಳಿದರೆ ಎಲ್ಲರೂ ಹೆಸರಿಗೆ ಮಾತ್ರ ಗಂಟು ಬೀಳುತ್ತಾರೆ.

ನನ್ನ ದಂಧೆ ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ) ಮತ್ತು ಇಳಕಲ್ ಸೀರೆ. ವಾರದಲ್ಲಿ ಮೂರು ದಿನ ಕಮತಗಿ, ಅಮೀನಗಡ, ಹುನಗುಂದ, ಇಳಕಲ್. ಉಳಿದ ದಿನ ಬಾದಾಮಿ, ಕೆರೂರು, ಬಾಗಲಕೋಟೆ. ದಿನಕ್ಕೆ 80 ಕಿಲೋಮೀಟರ್ ಹಿಡಿಯಿರಿ. ಬೆಳಿಗ್ಗೆ ಹೊರಡುವಾಗ ಗಂಟು 55-60 ಕೆಜಿ ಇರುತ್ತದೆ. ವ್ಯಾಪಾರ ಚೆನ್ನಾಗಿ ಆದರೆ ಸಂಜೆಗೆ 15ಕ್ಕೆ ಇಳಿಯುತ್ತದೆ, ಆಗದಿದ್ದರೆ ಅಷ್ಟೇ ಭಾರ ವಾಪಸ್. ವರ್ಷಕ್ಕೆ ಎರಡು ಹಿಂದಿನ ಟೈರ್ ಬೇಕಾಗುತ್ತಿತ್ತು. ಟೈರ್, ಟ್ಯೂಬ್, ಕೂಲಿ ಸೇರಿ ಒಂದಕ್ಕೆ 2,200 ರೂಪಾಯಿ ಸುಮಾರು. ಒಂದು ಖಣಕ್ಕೆ ನನಗೆ ಉಳಿಯೋದು 20 ರೂಪಾಯಿ. ಅಂದರೆ ಒಂದು ಟೈರಿಗೆ 110 ಖಣ ಮಾರಬೇಕು. ಈ ಲೆಕ್ಕ ತಲೆಗೆ ಬಂದ ದಿನದಿಂದ ನಿದ್ದೆ ಕೆಟ್ಟಿತು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಹವಾ ಜಾಸ್ತಿ ಹೊಡೆಸಿದೆ. ಹವಾ ಗಟ್ಟಿ ಇದ್ದರೆ ಟೈರ್ ಸವೆಯಲ್ಲ ಅಂತ ಒಬ್ಬ ಲಾರಿ ಡ್ರೈವರ್ ಹೇಳಿದ್ದ. 50ರ ತನಕ ಹೊಡೆಸಿದೆ. (ಹವಾದ ಅಳತೆಗೆ ಪಿಎಸ್‌ಐ ಅಂತಾರೆ. ನಮ್ಮಲ್ಲಿ ಪಿಎಸ್‌ಐ ಅಂದರೆ ಪೊಲೀಸ್ ಠಾಣೆ ನೆನಪಾಗುತ್ತದೆ, ಹಾಗಾಗಿ ಬರೀ ನಂಬರ್ ಹೇಳ್ತೀನಿ.) 9 ಸಾವಿರಕ್ಕೆ ನಡುವಿನ ಬಟನ್ (ಟೈರ್ ಮೇಲಿನ ರಬ್ಬರ್ ಉಬ್ಬು) ಪೂರ್ತಿ ಹೋಯಿತು. ಅಂಚಿನಲ್ಲಿ ಮಾತ್ರ ಹೊಸದರ ಹಾಗೆ ರಬ್ಬರ್ ನಿಂತಿತ್ತು. ಸೊಂಟ ನೋವು ಫ್ರೀ.

ಆಮೇಲೆ ರಿಮೋಲ್ಡ್. 600 ರೂಪಾಯಿ ಕೊಟ್ಟು ಹಳೆ ಟೈರಿಗೆ ಹೊಸ ರಬ್ಬರ್ ಅಂಟಿಸಿ ತಂದೆ. 3 ಸಾವಿರ ಕೂಡ ಆಗಿರಲಿಲ್ಲ, ಕಮತಗಿ ದಾಟಿದ ಮೇಲೆ ಪಟ್ ಪಟ್ ಅಂತ ಸದ್ದು. ನಿಲ್ಲಿಸಿ ನೋಡಿದರೆ ಒಂದು ಗೇಣು ರಬ್ಬರ್ ಎದ್ದು ಚೈನ್ ಕವರಿಗೆ ಬಡಿಯುತ್ತಿದೆ. 40ರ ಸ್ಪೀಡಿನಲ್ಲಿದ್ದೆ, ಬಚಾವಾದೆ. ಭಾರ ಹೊರುವ ಬೈಕಿಗೆ ರಿಮೋಲ್ಡ್ ಬೇಡ. ಈ ಮಾತಿಗೆ ನನ್ನ ಹತ್ತಿರ ಎರಡನೇ ಅಭಿಪ್ರಾಯ ಇಲ್ಲ.

ಇನ್ನೊಂದು ಬುದ್ಧಿವಂತಿಕೆ ಕೇಳಿ. ಮುಂದಿನ ಟೈರ್ ಹೇಗೂ ಹೆಚ್ಚು ದಿನ ಬರುತ್ತದೆ, ಅರ್ಧ ಸವೆದ ಅದನ್ನು ಹಿಂದೆ ಹಾಕಿದರೆ ಹೇಗೆ ಅಂತ ಯೋಚಿಸಿದೆ. ಹಾಕಿದೆ. ಅದರ ಗೆರೆಗಳು ಉದ್ದುದ್ದ, ಅಡ್ಡ ಬಟನ್ ಕಡಿಮೆ. ಬೇಸಿಗೆಯಲ್ಲಿ ಪರವಾಗಿರಲಿಲ್ಲ. ಮೊದಲ ಮಳೆಗೆ ಎರೆಹೊಲದಿಂದ ಟ್ರ್ಯಾಕ್ಟರ್ ತಂದು ಹಾಕಿದ ಕೆಸರಿನ ಮೇಲೆ ಹಿಂದಿನ ಗಾಲಿ ಜಾರಿ ನಾನು ಒಂದು ಕಡೆ, ಗಂಟು ಒಂದು ಕಡೆ. ನನಗೆ ಮೊಣಕಾಲು ತರಚಿತು ಅಷ್ಟೇ. ನಾಲ್ಕು ಸಾವಿರದ ಮಾಲು ಕೆಸರಾಯಿತು. ಎರೆ ಮಣ್ಣಿನ ಕಲೆ ತೆಗೆಯೋದು ಹೇಗೆ ಅಂತ ಬರೆಯಲು ಬೇರೆ ಲೇಖನವೇ ಬೇಕು. ಎರಡು ಟೈರಿನ ದುಡ್ಡು ಒಂದು ಮಳೆಗೆ ಹೋಯಿತು.

ಇಷ್ಟೆಲ್ಲ ಆದ ಮೇಲೆ ಸುಮ್ನೆ ಕೂತು ಸವೆದ ಟೈರ್ ನೋಡಿದೆ. ಎಡಗಡೆ ಜಾಸ್ತಿ, ಬಲಗಡೆ ಕಡಿಮೆ ಸವೆದಿತ್ತು. ಗಾಲಿ ಸೊಟ್ಟ ಕೂತಿದೆ ಅಂತ ಹೇಳಲು ಇನ್ನೇನು ಬೇಕು? ಆದರೆ ಚೈನ್ ಅಡ್ಜಸ್ಟರ್‌ನ (ಚೈನ್ ಬಿಗಿ ಮಾಡಲು ಹಿಂದಿನ ಗಾಲಿಯ ಎರಡೂ ಕಡೆ ಇರುವ ಪಟ್ಟಿ) ಗೆರೆಗಳು ಸರಿಯಾಗಿಯೇ ಇದ್ದವು. ಮೆಕ್ಯಾನಿಕ್ ಕೂಡ ಅದನ್ನೇ ತೋರಿಸಿ ಕಳಿಸಿದ. ಆ ಗೆರೆಗಳನ್ನು ನಂಬಬೇಡಿ.

ನನ್ನ ಭಾವ ನೇಕಾರ. ಅವನ ಮಗ್ಗದಿಂದ ಹಾಸಿನ ನೂಲು ನಾಲ್ಕೆಳೆ ಹೊಸೆದು ತಂದೆ. ಗಾಡಿ ನೇರ ನಿಲ್ಲಿಸಿ, ನೂಲನ್ನು ಹಿಂದಿನ ಟೈರಿನ ಹಿಂಬದಿಗೆ ಸುತ್ತಿ, ಎರಡೂ ಕಡೆಯಿಂದ ಮುಂದಿನ ಗಾಲಿಯವರೆಗೆ ಎಳೆದೆ. ನೆಲದಿಂದ ಒಂದು ಗೇಣು ಮೇಲೆ, ಸ್ಟ್ಯಾಂಡಿಗೆ ತಾಗದ ಹಾಗೆ. ನೂಲು ಹಿಂದಿನ ಟೈರಿನ ಹಿಂದಂಚಿಗೂ ಮುಂದಂಚಿಗೂ ಬರೀ ಮುಟ್ಟಬೇಕು, ಒತ್ತಬಾರದು. ಆಮೇಲೆ ಮುಂದಿನ ಟೈರಿನ ಎರಡು ಪಕ್ಕದಲ್ಲಿ ನೂಲಿಗೂ ರಬ್ಬರಿಗೂ ನಡುವಿನ ಸಂದು ನೋಡಬೇಕು. ಒಂದು ಕಡೆ ನೂಲು ಟೈರಿಗೆ ಅಂಟಿತ್ತು, ಇನ್ನೊಂದು ಕಡೆ ಕಿರುಬೆರಳು ತೂರುತ್ತಿತ್ತು. ಗಾಲಿ ಅಷ್ಟು ತಿರುಚಿಕೊಂಡು ಓಡುತ್ತಿತ್ತು! ಒಂದು ಕಡೆಯ ಅಡ್ಜಸ್ಟರ್ ನಟ್ ಕಾಲು ಸುತ್ತು, ಮತ್ತೆ ನೂಲು, ಮತ್ತೆ ಕಾಲು ಸುತ್ತು. ಮೊದಲ ಸಲ ಒಂದೂವರೆ ತಾಸು ಹಿಡಿಯಿತು. ಈಗ ಹತ್ತು ನಿಮಿಷ. ಚೈನ್ ಬಿಗಿ ಮಾಡಿದಾಗಲೆಲ್ಲ ನೂಲು ಹಿಡಿಯುತ್ತೇನೆ. "ಗಾಡಿಗೆ ಸೀರಿ ನೇಯಾಕತ್ತಾನ" ಅಂತ ಓಣಿಯವರು ಆಡಿಕೊಂಡರು. ಆಡಿಕೊಳ್ಳಲಿ.

ಇನ್ನು ಹವಾ. ಚೈನ್ ಕವರ್ ಹತ್ತಿರದ ಸ್ಟಿಕ್ಕರ್ ಓದಿದವರು ಎಷ್ಟು ಜನ? ನನ್ನ ಗಾಡಿಯಲ್ಲಿ ಹಿಂದಕ್ಕೆ ಒಬ್ಬರಿದ್ದರೆ 28, ಇಬ್ಬರಿದ್ದರೆ 40 ಅಂತ ಇದೆ. ನಿಮ್ಮದರಲ್ಲಿ ಏನಿದೆ ನೋಡಿಕೊಳ್ಳಿ. ನನ್ನ ಗಂಟು ಅಂದರೆ ಒಬ್ಬ ಮನುಷ್ಯ. ಆದರೂ ವರ್ಷಾನುಗಟ್ಟಲೆ 30 ಹೊಡೆಸಿ ಓಡಾಡಿದ್ದೆ. ಅದೂ ಬಂಕಿನ ಗೇಜ್ ನಂಬಿ. 350 ರೂಪಾಯಿಗೆ ಸ್ವಂತ ಗೇಜ್ ತಂದ ಮೇಲೆ ಗೊತ್ತಾಯಿತು, ಒಂದು ಕಡೆ 40 ಅಂತ ಹೊಡೆದದ್ದು ನನ್ನ ಗೇಜಿನಲ್ಲಿ 33 ತೋರಿಸಿತು. ಕಾಲಲ್ಲಿ ಒತ್ತುವ ಪಂಪ್ 600ಕ್ಕೆ ತಂದೆ. ಟೈರಿಗೆ ಹಾಕಿದ ದುಡ್ಡಿನಲ್ಲಿ ಇದೊಂದೇ ದಂಡ ಅನ್ನಿಸಿಲ್ಲ.

ಗೇಜ್ ಬಂದ ಮೇಲೂ ಒಂದು ತಪ್ಪು ಮಾಡಿದೆ. ಏಪ್ರಿಲ್ ತಿಂಗಳು, ಮಧ್ಯಾಹ್ನ ಅಮೀನಗಡದಲ್ಲಿ ಗಾಡಿ ನಿಲ್ಲಿಸಿ ಚೆಕ್ ಮಾಡಿದರೆ 44. ಬೆಳಿಗ್ಗೆ 39 ಹೊಡೆದಿದ್ದೆ. ಗಾಬರಿಯಾಗಿ ಐದು ಬಿಟ್ಟೆ. ಮರುದಿನ ನಸುಕಿನಲ್ಲಿ ನೋಡಿದರೆ 34. ಬಿಸಿಲಿಗೂ ಓಟಕ್ಕೂ ಒಳಗಿನ ಹವಾ ಉಬ್ಬುತ್ತದೆ, ತಂಪಾದ ಮೇಲೆ ಇಳಿಯುತ್ತದೆ, ಅಷ್ಟೇ ವಿಷಯ. ಹದಿನೈದು ದಿನ ಹೀಗೆ ಮಧ್ಯಾಹ್ನ ಬಿಡೋದು, ಬೆಳಿಗ್ಗೆ ಮತ್ತೆ ಪಂಪ್ ತುಳಿಯೋದು. ಹೆಂಡತಿ "ವ್ಯಾಯಾಮ ಛಲೋ ಆತು" ಅಂದಳು. ಈಗ ಬೆಳಿಗ್ಗೆ ಚಹಾಕ್ಕಿಂತ ಮೊದಲು, ಗಾಡಿ ಅಲುಗುವ ಮೊದಲು ನೋಡುತ್ತೇನೆ. ತುಂಬು ಗಂಟಿದ್ದರೆ 39-40, ಅರ್ಧ ಇದ್ದರೆ 34ರ ಸುಮಾರು. ದಾರಿಯಲ್ಲಿ ಮುಟ್ಟಲ್ಲ.

ನೈಟ್ರೋಜನ್ ಕೂಡ ತುಂಬಿಸಿ ನೋಡಿದೆ, ಬಾಗಲಕೋಟೆಯಲ್ಲಿ. ಎರಡು ತಿಂಗಳು. ನಾವು ಉಸಿರಾಡೋ ಗಾಳಿಯಲ್ಲೇ ಅದು ನೂರಕ್ಕೆ 78 ಭಾಗ ಇರುತ್ತದೆ. ನನಗಂತೂ ಫರಕು ಕಾಣಲಿಲ್ಲ, ಮಂಡಕ್ಕಿ ಮಿರ್ಚಿ ತಿಂದಿದ್ದರೆ ಲಾಭ ಇತ್ತು.

ಬ್ರೇಕಿನದು ಮಾತ್ರ ನನ್ನದೇ ತಪ್ಪು, ಯಾರ ಮೇಲೂ ಹಾಕುವ ಹಾಗಿಲ್ಲ. ಭಾರ ಇದೆ ಅನ್ನೋ ಭಯಕ್ಕೆ ಬಲಗಾಲು ಸದಾ ಪೆಡಲ್ ಮೇಲೆ. ಒಂದು ದಿನ ಹುನಗುಂದದಲ್ಲಿ ಇಳಿದು ಗಂಟು ಬಿಚ್ಚುವಾಗ ಕೈ ಹಿಂದಿನ ಡ್ರಮ್ಮಿಗೆ ತಾಗಿತು. ಚುರ್ ಅಂತು. ದಾರಿಯಲ್ಲಿ ಒಮ್ಮೆಯೂ ಜೋರಾಗಿ ಬ್ರೇಕ್ ಹಿಡಿದಿರಲಿಲ್ಲ! ಇಪ್ಪತ್ತು ಕಿಲೋಮೀಟರ್ ಬ್ರೇಕ್ ಹಿಡಿದೇ ಓಡಿಸಿದ್ದೆ. ಪೆಡಲಿಗೆ ಬೆರಳಗಲ ಸಡಿಲು ಕೊಟ್ಟೆ, ಕಾಲು ಇಡುವ ಜಾಗ ಬದಲಿಸಿದೆ. ಅಭ್ಯಾಸ ಬಿಡಲು ಎರಡು ತಿಂಗಳು. ಪೆಟ್ರೋಲೂ ಲೀಟರಿಗೆ ನಾಲ್ಕೈದು ಕಿಲೋಮೀಟರ್ ಜಾಸ್ತಿ ಕೊಡಲು ಶುರುವಾಯಿತು. ಅದನ್ನು ನಾನು ಕೇಳಿರಲೇ ಇಲ್ಲ.

ಗಂಟಿನ ಭಾರ ಮೊದಲು ಪೂರ್ತಿ ಕ್ಯಾರಿಯರ್ ಮೇಲೆ ಇತ್ತು, ಅಂದರೆ ಹಿಂದಿನ ಗಾಲಿಯ ಆಕ್ಸಲ್‌ಗಿಂತಲೂ ಹಿಂದೆ. ಈಗ 20 ಕೆಜಿಯಷ್ಟು ಟ್ಯಾಂಕಿನ ಎರಡು ಬದಿಗೆ ಬಂದಿದೆ, ಉಳಿದದ್ದು ಸೀಟಿನ ಮೇಲೆ ನನ್ನ ಬೆನ್ನಿಗೆ ಅಂಟಿಕೊಂಡು. ಹ್ಯಾಂಡಲ್ ತಿರುಗಿಸಲು ತೊಂದರೆ ಆಗದ ಹಾಗೆ ಅದನ್ನು ಹೇಗೆ ಕಟ್ಟುತ್ತೇನೆ ಅನ್ನೋದು ದಂಧೆಯ ಗುಟ್ಟು. ನಮ್ಮ ಊರಿನಲ್ಲೇ ಖಣ ಮಾರುವವರು ಸುಮಾರು ಜನ ಇದ್ದಾರೆ, ಅವರೂ ಓದುತ್ತಾರೆ.

ಹೊಸ ಟೈರ್ ತರುವಾಗ ಪಕ್ಕದಲ್ಲಿರುವ ನಾಲ್ಕಂಕಿ ನೋಡದೆ ದುಡ್ಡು ಕೊಡಬೇಡಿ. ಮೊದಲೆರಡು ಅಂಕಿ ಟೈರ್ ತಯಾರಾದ ವಾರ, ಕೊನೆಯೆರಡು ಅಂಕಿ ವರ್ಷ. ಒಮ್ಮೆ ಒಂದು ಅಂಗಡಿಯಲ್ಲಿ ನಾಲ್ಕು ವರ್ಷ ಹಳೆಯದನ್ನು ಹೊಸದು ಅಂತ ಕೊಟ್ಟಿದ್ದರು. ಆರೇ ತಿಂಗಳಿಗೆ ಅಂಚಿನಲ್ಲಿ ಸಣ್ಣ ಸಣ್ಣ ಬಿರುಕು.

ಇಳಕಲ್ ಕಡೆ ಗ್ರಾನೈಟ್ ಚೂರು ರಸ್ತೆಗೆ ಬಿದ್ದಿರುತ್ತದೆ, ಇತ್ತ ಜಾಲಿ ಮುಳ್ಳು. ಸಂಜೆ ಗಾಡಿ ನಿಲ್ಲಿಸಿದ ಮೇಲೆ ಹಳೆ ಸ್ಕ್ರೂಡ್ರೈವರ್‌ನಿಂದ ಬಟನ್ ಸಂದಿಯ ಕಲ್ಲು ಕೀಳುತ್ತೇನೆ. ಮಗಳು ಎಣಿಸುತ್ತಾಳೆ. ಇಲ್ಲಿಯವರೆಗಿನ ರೆಕಾರ್ಡ್ 23. 28 ಸಾವಿರದಲ್ಲಿ ಪಂಕ್ಚರ್ ಆಗಿದ್ದು ಮೂರೇ ಸಲ, ಮೊದಲು ತಿಂಗಳಿಗೊಂದು ಗ್ಯಾರಂಟಿ.

ಇನ್ನೂ ಒಂದು ತಿಂಗಳು ಓಡಿಸಬಹುದಿತ್ತು ಅಂತ ಈಗಲೂ ಅನ್ನಿಸುತ್ತದೆ. ಆದರೆ ಗೆರೆಯೊಳಗಿನ ಸವೆತದ ಗುರುತು ಬಟನ್ ಮಟ್ಟಕ್ಕೆ ಬಂದಿತ್ತು, ಮಳೆಗಾಲ ಹತ್ತಿರ ಇತ್ತು. ಕೆಸರಿನಲ್ಲಿ ಬಿದ್ದ ನಾಲ್ಕು ಸಾವಿರ ನೆನಪಿದೆ. ಹೊಸದು ಹಾಕಿಸಿ ಈಗ 1,900 ಕಿಲೋಮೀಟರ್ ಆಯಿತು. ಪಂಕ್ಚರ್ ಅಂಗಡಿಯವನು ಮೊನ್ನೆ "ಆ ನೂಲು ಒಂದೀಟು ಕೊಡ್ರಿ" ಅಂತ ಫೋನ್ ಮಾಡಿದ್ದ. ಭಾವನ ನಂಬರ್ ಕೊಟ್ಟಿದ್ದೇನೆ.